ತುರ್ತು: ರಿಗ್ಗೈಯ ಭೋಜರಿಗೆ ಮನೆ ಬೇಕು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಬೇರೆಯವರು ಹೇಳಿದರೆ ಅದಕ್ಕೂ ಸಿಟ್ಟು ಬರುತ್ತದೆ.

ಹೆಸರು ಆಶಾಲತಾ. ಮನೆ ಕುವೈತಿನ ರಿಗ್ಗೈಯಲ್ಲಿ, ನಾಲ್ಕನೇ ಮಹಡಿ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ. ಉಳಿದ ಹೊತ್ತೆಲ್ಲ ಮಾತಿನಕಟ್ಟೆ. ಮಾತಿನಕಟ್ಟೆ ಎಂದರೆ ಕುವೈತಿನಲ್ಲಿರುವ ನಮ್ಮವರ ಇಂಟರ್ನೆಟ್ ಕಟ್ಟೆ. ಮನೆ ಬೇಕಾದವರು, ಕೆಲಸ ಹುಡುಕುವವರು, ಊರಿಗೆ ಹೋಗುವಾಗ ಒಂದು ಪೊಟ್ಟಣ ಔಷಧಿ ಒಯ್ಯಬಲ್ಲವರು, ಪರ್ಸು ಕಳಕೊಂಡವರು ಎಲ್ಲರೂ ಅಲ್ಲಿ ಬರೆಯುತ್ತಾರೆ. ಬರೆಯುತ್ತಾರೆ ಎಂದರೆ, ಅವರ ಪರವಾಗಿ ನಾನು ಬರೆಯುತ್ತೇನೆ. ಮಂಗಫಿನಿಂದ ರಿಫೈನರಿಗೆ ಕಂಪನಿ ಬಸ್ಸಿನಲ್ಲಿ ನಿದ್ದೆ ಹೋಗುವವನಿಗೆ, ಹೋಟೆಲಿನ ಒಲೆಯ ಮುಂದೆ ನಿಂತವನಿಗೆ ಕನ್ನಡದಲ್ಲಿ ಟೈಪ್ ಮಾಡಲು ಪುರುಸೊತ್ತೆಲ್ಲಿ? ಅವರು ಕಟ್ಟೆಯ ವಾಟ್ಸ್ಯಾಪ್ ನಂಬರಿಗೆ ವಾಯ್ಸ್ ಕಳಿಸುತ್ತಾರೆ. ನಾನು ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿ, ಟೈಪ್ ಮಾಡಿ, ಸರಿಯಾದ ವಿಭಾಗಕ್ಕೆ ಹಾಕುತ್ತೇನೆ. ಏಳು ವರ್ಷ ಹೀಗೇ ನಡೆಯಿತು.

ಏಪ್ರಿಲ್‌ನಲ್ಲಿ ನನ್ನ ಬಲಗೈ ಮಣಿಕಟ್ಟು ಮುಷ್ಕರ ಹೂಡಿತು. ಡಾಕ್ಟರ್ ಪಟ್ಟಿ ಕಟ್ಟಿ, ಮೂರು ತಿಂಗಳು ಟೈಪಿಂಗ್ ಬಂದ್ ಅಂದರು. ಆಗ ಬಂದವನು ಗುರುಕಿರಣ್. ಮೈಸೂರಿನ ಹುಡುಗ, ಇಲ್ಲಿಯ ಬ್ಯಾಂಕೊಂದರಲ್ಲಿ ಐಟಿ ಕೆಲಸ, ಕಟ್ಟೆಯ ವೆಬ್‌ಸೈಟು ನೋಡಿಕೊಳ್ಳುವವನೂ ಅವನೇ.

"ಆಂಟಿ, ಇದನ್ನ ಆಟೊಮೇಟ್ ಮಾಡ್ಬಿಡೋಣ," ಅಂದ. "ಒಂದು ಲೈನೂ ಕೋಡ್ ಬರೆಯೋದು ಬೇಡ. ಬಾಕ್ಸ್‌ಗಳನ್ನ ಎಳೆದು ಬಾಣ ಜೋಡಿಸಿದ್ರೆ ಮುಗೀತು. ನೀವೂ ಮಾಡ್ಬಹುದು."

ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ತೋರಿಸಿದ. ಮೊದಲ ಬಾಕ್ಸಿಗೆ ವಾಯ್ಸ್ ಬರುತ್ತದೆ. ಎರಡನೆಯದು ಅದನ್ನು ಅಕ್ಷರ ಮಾಡುತ್ತದೆ. ಮೂರನೆಯದು ಓದಿ, ತಲೆಬರಹ ಕೊಟ್ಟು, ಯಾವ ವಿಭಾಗ ಎಂದು ನಿರ್ಧರಿಸುತ್ತದೆ. ನಾಲ್ಕನೆಯದು ಕಟ್ಟೆಗೆ ಹಾಕುತ್ತದೆ. ಪಕ್ಕದಲ್ಲಿ ಇನ್ನೊಂದು ಸಣ್ಣ ಬಾಕ್ಸು, ವಾಯ್ಸ್ ಕಳಿಸಿದ ಪ್ರತಿಯೊಬ್ಬರಿಗೂ 'ನಿಮ್ಮ ಸಂದೇಶ ತಲುಪಿದೆ. ಧನ್ಯವಾದಗಳು' ಎಂದು ಉತ್ತರಿಸಲು. ಯಾರಾದರೂ ನಿಜವಾದ ಕಷ್ಟದಲ್ಲಿದ್ದರೆ 'ತುರ್ತು' ಎಂದು ಎಲ್ಲ ಸದಸ್ಯರ ಫೋನಿಗೂ ಗಂಟೆ ಬಾರಿಸುವ ಒಂದು ಬಾಕ್ಸೂ ಇತ್ತು.

"ಮೂವತ್ತು ಸೆಕೆಂಡಿಗಿಂತ ಸಣ್ಣದನ್ನು ಹಾಕಬಾರದು," ಅಂದೆ ನಾನು. "ಅರ್ಧಕ್ಕರ್ಧ ಜನ 'ಹಲೋ, ಹಲೋ, ಕೇಳ್ತದಾ' ಅಂತ ಹೇಳಿ ಕಳಿಸುವವರು."

"ಸೂಪರ್ ಆಂಟಿ," ಎಂದು ಅದಕ್ಕೂ ಒಂದು ಬಾಕ್ಸ್ ಹಾಕಿದ. ಆ ಬಾಕ್ಸು ನನ್ನ ಸ್ವಂತ ಬುದ್ಧಿ ಎಂದು ನಾನು ಎರಡು ವಾರ ಬೀಗಿದ್ದೂ ಉಂಟು.

ಯಂತ್ರವನ್ನು ಸೋಲಿಸಲು ನಾನು ಪ್ರಯತ್ನಪಡಲಿಲ್ಲ ಎಂದಲ್ಲ. ನಮ್ಮ ಮಂಗಳೂರು ಕಡೆಯ ಕನ್ನಡವನ್ನು ಸರ್ರನೆ ಮಾತಾಡಿ, ನಡುವೆ ಇಕಾಮಾ, ಕಫೀಲ್ ಎಂಬ ಇಲ್ಲಿಯ ಅರಬಿ ಮಾತುಗಳನ್ನೆಲ್ಲ ಸೇರಿಸಿ ಕಳಿಸಿ ನೋಡಿದೆ. ಒಂದಕ್ಷರ ತಪ್ಪದೆ ಬರೆದು 'ಉದ್ಯೋಗ' ವಿಭಾಗಕ್ಕೆ ಹಾಕಿತು. ನಾನು ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದ ಕೆಲಸ. ಮನಸ್ಸಿಗೆ ಸಣ್ಣದಾಗಿ ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ಕಟ್ಟೆಯ ನಂಬರನ್ನು ನನ್ನ ಫೋನಿನಿಂದ ತೆಗೆದು ಯಂತ್ರಕ್ಕೆ ಜೋಡಿಸಿದರು. ಅವತ್ತಿನಿಂದ ನನ್ನ ಫೋನು ಸತ್ತ ಹಾಗೆ ಸುಮ್ಮನಾಯಿತು, ನಾನೂ ಅದನ್ನು ನೋಡುವುದು ಬಿಟ್ಟೆ.

ಆ ಹೊತ್ತಿಗೇ ಮನೆಯಲ್ಲಿ ಎರಡು ವಿಚಿತ್ರ ಶುರುವಾದವು. ಒಂದು ನೀರುಳ್ಳಿ. ನನ್ನ ಗಂಡ ದಿನಾ ಸಂಜೆ ಒಂದು ಚೀಲ ನೀರುಳ್ಳಿ ತರುತ್ತಿದ್ದರು. "ಯಾರು ಹೇಳಿದ್ದು ತರಲಿಕ್ಕೆ?" ಎಂದರೆ "ನೀನೇ!" ಎನ್ನುತ್ತಿದ್ದರು. ಮನುಷ್ಯನಿಗೆ ಮಂಡೆ ಸರಿ ಉಂಟಾ ಎಂದು ನನಗೆ ಅನುಮಾನವಾಯಿತು.

ಇನ್ನೊಂದು ಅವರ ಪಾತ್ರದ ಚಿಂತೆ. ನನ್ನ ಗಂಡ ಭೋಜ, ಸುಲೈಬಿಯಾದ ಕೋಲ್ಡ್ ಸ್ಟೋರೇಜೊಂದರಲ್ಲಿ ಸ್ಟೋರ್ ಕೀಪರ್. ಹೊರಗೆ ನಲವತ್ತೆಂಟು ಡಿಗ್ರಿ ಬಿಸಿಲು, ಒಳಗೆ ಮೈನಸ್ ಹದಿನೆಂಟು, ನಡುವೆ ಇವರು ದಪ್ಪ ಜಾಕೆಟ್ ಹಾಕಿಕೊಂಡು ಕೋಳಿಯ ಪೆಟ್ಟಿಗೆ ಎಣಿಸುವುದು. ಅದು ಹೊಟ್ಟೆಪಾಡು. ಪ್ರಾಣ ಇರುವುದು ಮಾತ್ರ ತಾಳಮದ್ದಲೆಯಲ್ಲಿ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ, ಚೆಂಡೆ ಮದ್ದಲೆ ಬಾರಿಸುತ್ತವೆ, ಅರ್ಥಧಾರಿಗಳು ಎಂದು ಕರೆಯುವ ಪಾತ್ರಧಾರಿಗಳು ಪಂಚೆ ಉಟ್ಟು ಕುಳಿತು ಆ ಪದ್ಯಕ್ಕೆ ಅಲ್ಲಿಂದಲ್ಲೇ ಮಾತು ಹುಟ್ಟಿಸಿ ವಾದ ಮಾಡುತ್ತಾರೆ. ಬರೆದಿಟ್ಟದ್ದು ಏನೂ ಇಲ್ಲ. ನಾಲಿಗೆಯೇ ಕಿರೀಟ.

ಕುವೈತಿನ ನಮ್ಮ ಸಂಘದಲ್ಲಿ ಇವರು ಹತ್ತೊಂಬತ್ತು ವರ್ಷದಿಂದ ದೂತ. "ಪ್ರಭೂ, ಹೊರಗೆ ಯಾರೋ ಬಂದಿದ್ದಾರೆ" ಎಂದರೆ ಇವರ ಪಾತ್ರ ಮುಗಿಯಿತು. ಈ ಸಲ ದೊಡ್ಡ ಪಾತ್ರ ಮಾಡುವ ಭಟ್ಟರು ರಜೆಯಲ್ಲಿ ಊರಿಗೆ ಹೋಗಿದ್ದರಿಂದ ಇವರಿಗೆ ಮೊದಲ ಬಾರಿ ರಾಜನ ಪಾತ್ರ ಬಂತು. ನಮ್ಮ ಭಾಗವತರೇ ಕಟ್ಟಿದ ಹೊಸ ಪ್ರಸಂಗ. ರಾಜ್ಯ ಕಳಕೊಂಡ ರಾಜನೊಬ್ಬ ಹೆಂಡತಿ, ಮಗಳ ಜೊತೆ ನೆರೆರಾಜನ ಬಾಗಿಲಿಗೆ ಬಂದು ಆಶ್ರಯ ಕೇಳುತ್ತಾನೆ. ಆ ನೆರೆರಾಜ, ಸಂಘದ ಸಂಚಾಲಕ ತಿಲಕ್. ಹೋಟೆಲ್ ಮ್ಯಾನೇಜರು, ಮಾತಿನಲ್ಲಿ ಪಟಾಕಿ.

ಮೊದಲ ಟ್ರಯಲ್ ಮುಗಿಸಿ ಬಂದ ದಿನ ಇವರು ಊಟ ಮಾಡಲಿಲ್ಲ. ತಿಲಕ್ ಎಲ್ಲರ ಎದುರು ಹೇಳಿದನಂತೆ: "ಭೋಜಣ್ಣ, ನಿಮ್ಮ ರಾಜ ರಾಜನ ಹಾಗೆ ಇಲ್ಲ. ಪಕ್ಕದ ಫ್ಲ್ಯಾಟಿನವನು ಮಾತಾಡಿದ ಹಾಗೆ ಉಂಟು. ಬುಧವಾರದ ಟ್ರಯಲ್‌ಗೆ ಸರಿ ಆಗದಿದ್ರೆ ನಾನು ಬೇರೆಯವರನ್ನು ನೋಡಬೇಕಾಗ್ತದೆ."

"ಅಷ್ಟಕ್ಕೆಲ್ಲ ಊಟ ಬಿಡುವುದಾ?" ಅಂದೆ.

"ಹತ್ತೊಂಬತ್ತು ವರ್ಷ ಆಯ್ತು ಆಶಾ," ಅಂದರು. "ಇದು ಹೋದರೆ ಇನ್ನು ಯಾರೂ ಕೊಡುವುದಿಲ್ಲ. ಮತ್ತೆ ದೂತನೇ."

ನಾನು ಅನ್ನವನ್ನು ಫ್ರಿಡ್ಜಿಗೆ ಇಟ್ಟು ಮಲಗಿದೆ. ಆಮೇಲೆ ಯೋಚಿಸಿದರೆ ನನಗೆ ಎರಡು ಏಟು ಹಾಕಿಕೊಳ್ಳಬೇಕು ಅನಿಸುತ್ತದೆ.

ಟ್ರಯಲ್‌ನ ಹಿಂದಿನ ದಿನ, ಮಂಗಳವಾರ. ಕ್ಲಿನಿಕ್ಕಿನಿಂದ ಬಂದು ಒಂದು ಗಳಿಗೆ ಅಡ್ಡಾಗಿದ್ದೆ. ಬಾಗಿಲಿನ ಬೆಲ್ ಆಯಿತು. ಮಗಳು ಅಪೇಕ್ಷಾ ಹೋಗಿ ನೋಡಿ ಬಂದಳು. ಹದಿನೇಳು ವರ್ಷ, ಕನ್ನಡ ತುಳು ಎಲ್ಲ ಅರ್ಥವಾಗುತ್ತದೆ, ಬಾಯಿ ಮಾತ್ರ ಇಂಗ್ಲಿಷು.

"ಅಮ್ಮಾ, ದೇರ್ ಈಸ್ ಎ ಮ್ಯಾನ್ ವಿತ್ ಎ ಮ್ಯಾಟ್ರೆಸ್."

ನಿಜ. ಬಾಗಿಲಲ್ಲಿ ಮಂಗಫಿನ ಆಲ್ರೊಯ್, ರಿಫೈನರಿ ಬಸ್ಸಿನ ಡ್ರೈವರು. ತಲೆಯ ಮೇಲೆ ಡಬಲ್ ಹಾಸಿಗೆ, ಕೆಳಗೆ ಬೆವರಿಳಿಯುವ ಮುಖ.

"ಅಕ್ಕ! ನೀವು ಒಳಗೇ ಇದ್ದೀರಾ?"

"ನನ್ನ ಮನೆಯಲ್ಲಿ ನಾನು ಒಳಗಲ್ಲದೆ ಇನ್ನೆಲ್ಲಿ ಇರಬೇಕು?"

"ಮನೆ ವಾಪಸು ಸಿಕ್ಕಿತಾ?" ಎಂದ, ಕಣ್ಣರಳಿಸಿ.

ಇವನಿಗೆ ಬಿಸಿಲು ಬಡಿದಿದೆ ಎಂದುಕೊಂಡು ಒಳಗೆ ಕರೆದು ನೀರು ಕೊಟ್ಟೆ. ಅಷ್ಟರಲ್ಲಿ ಎದುರಿನ ಕಟ್ಟಡದ ಆಯಿಶಮ್ಮ ತುಪ್ಪದ ಅನ್ನದ ದೊಡ್ಡ ಪಾತ್ರೆ ಹಿಡಿದು ಬಂದರು. ಉಳ್ಳಾಲದವರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಬಾಯಲ್ಲೂ. ನನ್ನನ್ನು ತಬ್ಬಿಕೊಂಡು, "ಅಳಬೇಡ ಮಾರಾಯ್ತಿ, ನಾವೆಲ್ಲ ಇಲ್ಲವಾ," ಎಂದರು.

"ನಾನು ಅಳ್ತಾ ಇಲ್ಲ! ಎಂತ ಆಗಿದೆ ನಿಮಗೆಲ್ಲ?"

ಅಪೇಕ್ಷಾ ಸೋಫಾದಿಂದ ಫೋನು ಎತ್ತಿ ತೋರಿಸಿದಳು. "ಅಮ್ಮಾ, ಆರ್ ವಿ ಹೋಮ್‌ಲೆಸ್?"

ಮಾತಿನಕಟ್ಟೆ. ವಿಭಾಗ: ಬಾಡಿಗೆ ಮನೆ, ರೂಮು. ಮೇಲೆ ಕೆಂಪು ಅಕ್ಷರದಲ್ಲಿ 'ತುರ್ತು: ಕುಟುಂಬಕ್ಕೆ ತಕ್ಷಣ ಮನೆ ಬೇಕು'. ಕಳಿಸಿದವರು: ಭೋಜ, ರಿಗ್ಗೈ. ಮಧ್ಯಾಹ್ನ ಒಂದೂವರೆಗೆ ಎಲ್ಲ ಸದಸ್ಯರ ಫೋನಿಗೂ ಗಂಟೆ ಬಾರಿಸಿಯಾಗಿತ್ತು. ಕೆಳಗೆ ಅರವತ್ತೆಂಟು ಉತ್ತರಗಳು. ಅಝರುದ್ದೀನ್ ಎಂಬವರು ಮಂಗಫಿನಲ್ಲಿ ಒಂದು ರೂಮು ಖಾಲಿ ಇದೆ, ಫ್ಯಾಮಿಲಿ ಆದರೆ ಮಾತ್ರ ಎಂದು ಬರೆದಿದ್ದರು. ಸರೋಜಮ್ಮನವರು ನಮ್ಮ ಹಾಲ್‌ನಲ್ಲಿ ಎಷ್ಟು ದಿನ ಬೇಕಾದರೂ ಇರಲಿ, ಆದರೆ ಮೀನು ತರಬಾರದು ಎಂದಿದ್ದರು. ಇನ್ಯಾರೋ ನಮ್ಮ ಮಗಳಿಗೆ ಶಾಲೆಯ ಪುಸ್ತಕ ಕೊಡಲು ಸಿದ್ಧರಿದ್ದರು.

ನನಗೆ ನೆತ್ತಿಗೇರಿತು. ನನ್ನ ಗಂಡನನ್ನು ಮನೆಯಿಂದ ಹೊರಗೆ ಹಾಕಿದ್ದಾರಂತೆ! ನಾನು ಜೀವಂತ ಇರುವಾಗ, ನನ್ನನ್ನು ಬಿಟ್ಟು ಆ ಕೆಲಸ ಮಾಡುವ ಧೈರ್ಯ ಇನ್ಯಾರಿಗಿದೆ?

ಫೋನು ರಿಂಗಾಯಿತು. ಗುರುಕಿರಣ್. "ಆಂಟಿ, ಈಗ ಮೀಟಿಂಗ್ ಮುಗಿಸಿ ನೋಡ್ದೆ. ಅಂಕಲ್‌ಗೆ ಹೀಗಾಗಿದೆ ಅಂತ ನಂಗ್ಯಾಕೆ ಹೇಳ್ಲಿಲ್ಲ? ನಮ್ಮನೇಲಿ ಒಂದು ರೂಮ್ ಇದೆ, ಬನ್ನಿ ಆಂಟಿ, ಪ್ಲೀಸ್."

"ನಿನ್ನ ಬಾಕ್ಸು ಬಾಣ ಎಲ್ಲ ತೆಗೆದುಕೊಂಡು ನೀನೇ ಇಲ್ಲಿಗೆ ಬಾ!" ಎಂದು ಇಟ್ಟೆ.

ಐದೂವರೆಗೆ ಗಂಡ ಬಂದರು. ಬಗಲಲ್ಲಿ ಜಾಕೆಟ್, ಕೈಯಲ್ಲಿ ನೀರುಳ್ಳಿ ಚೀಲ. ಆಲ್ರೊಯ್ ಎದ್ದುನಿಂತು ಅವರನ್ನು ಗಟ್ಟಿಯಾಗಿ ಅಪ್ಪಿಕೊಂಡ. ಇವರು ಹಾಸಿಗೆ ನೋಡಿದರು, ಪಾತ್ರೆ ನೋಡಿದರು, ಹಾಲಿನಲ್ಲಿ ಸೇರಿದ್ದ ಹತ್ತು ಹನ್ನೆರಡು ಜನರನ್ನು ನೋಡಿದರು. "ಯಾರಾದ್ರೂ ತೀರಿಹೋದ್ರಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

ನಾನು ಫೋನು ಅವರ ಮೂಗಿನ ಹತ್ತಿರ ಹಿಡಿದೆ. ಓದುತ್ತ ಓದುತ್ತ ಅವರ ಮುಖ ಸುಣ್ಣ ಬಳಿದಂತಾಯಿತು.

"ಇದು ಪ್ರಾಕ್ಟೀಸು," ಅಂದರು. "ರಾಜನದ್ದು. ಊಟದ ಹೊತ್ತಿನಲ್ಲಿ ಕೋಲ್ಡ್ ಸ್ಟೋರೇಜ್‌ನ ಒಳಗೆ ಕೂತು ರೆಕಾರ್ಡ್ ಮಾಡಿದ್ದು. ಅಲ್ಲಿ ಕೋಳಿಗಳನ್ನು ಬಿಟ್ಟರೆ ಕೇಳುವವರು ಯಾರೂ ಇಲ್ಲ. ನಿನಗೆ ಕಳಿಸಿದ್ದಲ್ಲವಾ ಇದು?"

"ನನಗಾ?"

"ನೀನೇ ಅಲ್ಲವಾ ಹೇಳಿದ್ದು? 'ನನಗೆ ಏನಿದ್ದರೂ ಕಟ್ಟೆಯ ನಂಬರಿಗೆ ಕಳಿಸಿ, ಬೇರೆ ನಂಬರ್ ನೋಡಲಿಕ್ಕೆ ನನಗೆ ಪುರುಸೊತ್ತಿಲ್ಲ' ಅಂತ ಬೈದು ಹೇಳಿದ್ದಿ. ಏಳು ವರ್ಷದಿಂದ ಅದಕ್ಕೇ ಕಳಿಸ್ತಾ ಇದ್ದೇನೆ. ಉತ್ತರವೂ ಬರ್ತಾ ಇತ್ತಲ್ಲ."

ತಮ್ಮ ಫೋನು ತೆರೆದು ತೋರಿಸಿದರು. ನನ್ನ ಹೆಸರಿನ ಕೆಳಗೆ ಸಾಲಾಗಿ ಐದೈದು ಸೆಕೆಂಡಿನ ವಾಯ್ಸ್‌ಗಳು. ಒಂದನ್ನು ಒತ್ತಿದರು: 'ಆಶಾ, ನೀರುಳ್ಳಿ ತರಬೇಕಾ?' ಕೆಳಗೆ ಉತ್ತರ: 'ನಿಮ್ಮ ಸಂದೇಶ ತಲುಪಿದೆ. ಧನ್ಯವಾದಗಳು.' ಮರುದಿನ ಮತ್ತೆ ಅದೇ, ಅದರ ಮರುದಿನವೂ ಅದೇ.

"ಎರಡು ವಾರದಿಂದ ನೀನು ಧನ್ಯವಾದ ಹೇಳ್ತಾ ಇದ್ದಿ," ಅಂದರು. "ನನಗೆ ಸ್ವಲ್ಪ ಹೆದರಿಕೆಯೂ ಆಗಿತ್ತು."

ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ಆಯಿಶಮ್ಮ ಪಾತ್ರೆಯ ಮೇಲೆ ಕೈಯಿಟ್ಟುಕೊಂಡು ನಕ್ಕರು. "ನನಗೆ ಆಗಲೇ ಡೌಟ್ ಬಂದಿತ್ತು! 'ಹೆಂಡತಿ ಒಂದು ಮಾತೂ ಆಡಲಿಲ್ಲ' ಅಂತ ಬರೆದಿತ್ತಲ್ಲ. ಇದು ನಮ್ಮ ಆಶಾ ಹೇಗೆ ಆಗ್ತದೆ ಅಂತ!"

ನಾನೂ ನಕ್ಕೆ. ಇವರು ಮಾತ್ರ ನಗಲಿಲ್ಲ. ಫೋನು ನನ್ನ ಕೈಯಲ್ಲೇ ಬಿಟ್ಟು ಅಡುಗೆಮನೆಗೆ ಹೋದರು. ನಾನು ಹಿಂದಿನಿಂದ ಹೋದೆ, ಹೋಗುತ್ತ ಸುಮ್ಮನೆ ಬೆರಳಿನಿಂದ ಹಳೆಯ ಸಂದೇಶಗಳನ್ನು ಮೇಲೆ ಸರಿಸುತ್ತಿದ್ದೆ.

ಯಂತ್ರ ಬರುವುದಕ್ಕೆ ಮೊದಲಿನ ತಿಂಗಳುಗಳು. ಅಲ್ಲಿ ಸಣ್ಣ ವಾಯ್ಸ್‌ಗಳ ನಡುವೆ ಉದ್ದದವೂ ಇದ್ದವು. ನಾಲ್ಕು ನಿಮಿಷ, ಆರು ನಿಮಿಷ, ಒಂದು ಒಂಬತ್ತು ನಿಮಿಷದ್ದು. ದೂತನ ಎರಡು ಮಾತನ್ನೇ ಇವರು ನೂರು ರೀತಿ ಹೇಳಿ, ಬೇರೆಯವರ ಪಾತ್ರಗಳನ್ನೂ ತಾವೇ ಮಾಡಿ ನೋಡಿ ಕಳಿಸಿದ್ದರು. ಪ್ರತಿಯೊಂದರ ಕೆಳಗೂ ನನ್ನ ಉತ್ತರ ಇತ್ತು: 'ಚೆನ್ನಾಗಿದೆ'. ಆರು ನಿಮಿಷದ್ದು ಬಂದದ್ದು ಒಂದು ಹತ್ತಕ್ಕೆ. ನನ್ನ 'ಚೆನ್ನಾಗಿದೆ' ಹೋದದ್ದು ಒಂದು ಹನ್ನೊಂದಕ್ಕೆ.

ಊರವರ ವಾಯ್ಸನ್ನೆಲ್ಲ ಎರಡೆರಡು ಸಲ ಕೇಳಿದವಳು ನಾನು. ಕಾಣದವರ ಕೆಮ್ಮು ಕೂಡ ಗುರುತು ಹಿಡಿಯುತ್ತಿದ್ದೆ. ನನಗೆ ನಾಚಿಕೆಯಾಯಿತು, ಕಿವಿಯವರೆಗೆ ಬಿಸಿಯಾಯಿತು.

"ನಿಮಗೆ ಗೊತ್ತಿತ್ತಾ?" ಕೇಳಿದೆ. "ನಾನು ಕೇಳದೆ ಉತ್ತರ ಹಾಕ್ತಿದ್ದೆ ಅಂತ?"

"ಗಡಿಯಾರ ನೋಡಲಿಕ್ಕೆ ಬರುವುದಿಲ್ಲವಾ ನನಗೆ?" ಅಂದರು, ನೀರುಳ್ಳಿ ಬುಟ್ಟಿಗೆ ಸುರಿಯುತ್ತ. "ನೀನು ಎಲ್ಲರದ್ದು ಕೇಳಿ ಸುಸ್ತಾಗಿರ್ತಿದ್ದಿ. ನನಗೆ ಕಳಿಸಿದ್ರೆ ಒಂದು ಸಮಾಧಾನ, ಅಷ್ಟೇ." ಆಮೇಲೆ, "ಈಗ ಎಲ್ಲ ಖಲಾಸ್. ತಿಲಕನೂ ಓದಿರ್ತಾನೆ. 'ಇದು ರಾಜನ ಮಾತಾ' ಅಂತ ಸಂಘದಲ್ಲಿ ನಗ್ತಾನೆ. ಅವನು ತೆಗೆಯುವ ಮೊದಲು ನಾನೇ ಬಿಡ್ತೇನೆ," ಎಂದು ಕೈ ಒರೆಸಿಕೊಂಡು ಫೋನಿಗೆ ಕೈಚಾಚಿದರು.

ನಾನು ಕೊಡಲಿಲ್ಲ. "ಒಂದು ನಿಮಿಷ ಇರಿ," ಎಂದು ಒಲೆಗೆ ಒರಗಿ ನಿಂತು, ಯಂತ್ರ ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ.

'ಮೊನ್ನೆಯವರೆಗೆ ನನ್ನ ಬಾಗಿಲಲ್ಲಿ ಜನ ಕಾಯುತ್ತಿದ್ದರು. ಇವತ್ತು ನಾನು ನಿಮ್ಮ ಬಾಗಿಲಲ್ಲಿ ನಿಂತಿದ್ದೇನೆ. ಮಗನ ಹಾಗೆ ಸಾಕಿದವನೇ ನಮ್ಮನ್ನು ಹೊರಗೆ ಹಾಕಿದ. ಅವನ ಮೇಲೆ ದೂರು ಹೇಳಲು ಬಂದವನಲ್ಲ ನಾನು. ಮೂರು ದಿನದಿಂದ ಬಿಸಿಲಲ್ಲಿದ್ದೇವೆ. ಮಗಳು ನೀರು ಕೇಳಿದರೆ ಇಗೋ ಬಂತು ಎನ್ನುತ್ತೇನೆ. ಹೆಂಡತಿ ಒಂದು ಮಾತೂ ಆಡದೆ ಹಿಂದಿನಿಂದ ಬರುತ್ತಿದ್ದಾಳೆ. ಬೈದಿದ್ದರೆ ಒಳ್ಳೆಯದಿತ್ತು. ಬೈಯುತ್ತಿದ್ದರೆ ಅವಳು ಜೊತೆಗಿದ್ದಾಳೆ ಎಂದು ಗೊತ್ತಾಗುತ್ತದೆ. ಈಗ ಮತ್ತೆ ಮತ್ತೆ ತಿರುಗಿ ನೋಡಬೇಕಾಗುತ್ತದೆ. ನನಗೆ ದೊಡ್ಡದು ಏನೂ ಬೇಡ. ಮೂವರು ಮಲಗುವಷ್ಟು ಒಂದು ಮೂಲೆ ಸಾಕು. ಮೂಲೆಯೂ ಇಲ್ಲದಿದ್ದರೆ ನೆರಳಾದರೂ ಕೊಡಿ.'

ಇದನ್ನು ಬರೆದದ್ದು ಯಂತ್ರ, ನಿಜ. ಆದರೆ ಮಾತು ನನ್ನ ಮನೆಯದು, ಮೈನಸ್ ಹದಿನೆಂಟು ಡಿಗ್ರಿ ಚಳಿಯಲ್ಲಿ ಕೂತು ಹೇಳಿದ್ದು.

ಬೆಲ್ ಆಯಿತು. ಅಪೇಕ್ಷಾ ತೆರೆದಳು. ತಿಲಕ್! ಹಿಂದೆಯೇ ಏದುಸಿರು ಬಿಡುತ್ತ ಗುರುಕಿರಣ್. ತಿಲಕ್ ಹಾಲಿನಲ್ಲಿದ್ದ ಯಾರ ಕಡೆಯೂ ನೋಡದೆ ಸೀದಾ ಅಡುಗೆಮನೆಗೆ ಬಂದು ನನ್ನ ಗಂಡನ ಕೈಗೆ ಒಂದು ಬೀಗದ ಕೈ ಇಟ್ಟ.

"ಭೋಜಣ್ಣ, ಹೋಟೆಲಿನ ಮೇಲಿನ ರೂಮು ಖಾಲಿ ಉಂಟು. ಎಸಿ ಈಗಷ್ಟೇ ಸರ್ವಿಸ್ ಮಾಡಿಸಿ ಬಂದೆ. ಸಾಮಾನು ಸಾಗಿಸಲಿಕ್ಕೆ ಹುಡುಗರನ್ನು ಕಳಿಸ್ತೇನೆ. ಶುಕ್ರವಾರದ ತಾಳಮದ್ದಲೆ ಮಂಡೆಗೆ ಹಾಕಿಕೊಳ್ಳಬೇಡಿ. ನಿಮ್ಮ ಕಷ್ಟದಲ್ಲಿ ನಾನು ಮೊನ್ನೆ ಹಾಗೆಲ್ಲ ಹೇಳಬಾರದಿತ್ತು."

ನನ್ನ ಗಂಡ ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ.

"ತಿಲಕ್, ಪೂರ್ತಿ ಓದಿದ್ರಾ?"

"ಓದಿದೆ ಅಕ್ಕ. ಎರಡು ಸಲ ಓದಿದೆ. ಕೌಂಟರಿನಲ್ಲಿ ಗಿರಾಕಿ ಎದುರೇ ಕಣ್ಣು ಒರೆಸಿಕೊಂಡೆ."

"ಶುಕ್ರವಾರ ನಿಮ್ಮ ಪಾತ್ರ ಯಾವುದು?"

"ಈಗ ಅದು ಯಾಕಕ್ಕ? ನೆರೆರಾಜ."

"ನಿಮ್ಮ ಬಾಗಿಲಿಗೆ ಯಾರು ಬರುವುದು? ಯಾರ ಜೊತೆ? ಬಂದು ಎಂತ ಕೇಳುವುದು?"

ತಿಲಕ್ ನನ್ನ ಮುಖ ನೋಡಿದ, ಗಂಡನ ಮುಖ ನೋಡಿದ. ಜೇಬಿನಿಂದ ಫೋನು ತೆಗೆದು ತುಟಿಯಾಡಿಸುತ್ತ ಮೂರನೇ ಸಲ ಓದಿದ. ಓದುತ್ತಲೇ ಹಿಂದೆ ಹಿಂದೆ ನಡೆದು ಹಾಲಿಗೆ ಹೋಗಿ ಆಲ್ರೊಯ್ ತಂದ ಹಾಸಿಗೆಯ ಮೇಲೆ ಕೂತುಬಿಟ್ಟ.

"ಅಯ್ಯೋ ದೇವರೇ! ಪ್ರಸಂಗ ಬಾಯಿಪಾಠ ಇದ್ದವನು ನಾನು. ನಾನೇ ಕೀ ಹಿಡಿದುಕೊಂಡು ಬಂದೆನಲ್ಲ!"

"ಪಕ್ಕದ ಫ್ಲ್ಯಾಟಿನವನ ಹಾಗೆ ಮಾತಾಡ್ತಾರೆ ಅಂದಿರಲ್ಲ," ಅಂದೆ. ಆಗ ನನಗೆ ಬಂದದ್ದು ಒಳ್ಳೆಯ ಸಿಟ್ಟು, ಖುಷಿಯ ಸಿಟ್ಟು. "ಹೌದು ಮಾರಾಯ್ರೆ, ಪಕ್ಕದ ಫ್ಲ್ಯಾಟಿನವನ ಹಾಗೇ ಮಾತಾಡ್ತಾರೆ! ಅದಕ್ಕೇ ಹಾಸಿಗೆ ಬಂತು, ತುಪ್ಪದ ಅನ್ನ ಬಂತು, ನಿಮ್ಮ ಕೀ ಬಂತು. ಚೆಂಡೆ ಇಲ್ಲ, ಮದ್ದಲೆ ಇಲ್ಲ, ಇವರ ಸ್ವರ ಕೂಡ ಇಲ್ಲ, ಬರೀ ಅಕ್ಷರ. ನಿಮ್ಮ ಭಾರದ ಮಾತಿಗೆ ಇಷ್ಟು ವರ್ಷದಲ್ಲಿ ಯಾರಾದ್ರೂ ಒಂದು ದಿಂಬು ತಂದುಕೊಟ್ಟದ್ದುಂಟಾ?"

ತಿಲಕ್ ನಕ್ಕ. ದೊಡ್ಡ ಮನಸ್ಸಿನವನು, ಅದನ್ನು ಒಪ್ಪಬೇಕು. ಎದ್ದು ಬಂದು ನನ್ನ ಗಂಡನ ಎರಡೂ ಕೈ ಹಿಡಿದ. "ಭೋಜಣ್ಣ, ನಾಳೆ ಟ್ರಯಲ್‌ಗೆ ನೀವು ಬರುವುದು ಬೇಡ. ನಿಮ್ಮದು ಆಗಿದೆ. ನಾನೇ ಪ್ರಾಕ್ಟೀಸ್ ಮಾಡ್ಬೇಕು. ಈ ಮಾತಿಗೆ ಶುಕ್ರವಾರ 'ಜಾಗ ಇಲ್ಲ' ಅಂತ ನಾನು ಹೇಗೆ ಹೇಳಲಿ?"

ನನ್ನ ಗಂಡ ಬೀಗದ ಕೈಯನ್ನು ಅಂಗೈಯಲ್ಲಿಟ್ಟು ನೋಡುತ್ತ ನಿಂತಿದ್ದರು, ಅದು ಬಂಗಾರದ್ದೇನೋ ಎಂಬ ಹಾಗೆ.

ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ ಗುರುಕಿರಣ್ ಅಳುವುದೊಂದು ಬಾಕಿ. "ಆಂಟಿ, ಎಲ್ಲಾ ಆಫ್ ಮಾಡ್ಬಿಡ್ತೀನಿ."

"ಯಾಕೆ ಆಫ್? ಅದು ಪಾಪ ಕೇಳಿದ್ದನ್ನು ಕೇಳಿದ ಹಾಗೆ ಬರೆದಿದೆ," ಅಂದೆ. "ಬರೆಯಲಿ. ಆದರೆ ಕಟ್ಟೆಗೆ ಹಾಕುವ ಮೊದಲು ಒಂದು ಸಲ ನನ್ನ ಕೈಗೆ ಬರಲಿ. ಓದಲಿಕ್ಕೆ ಮಣಿಕಟ್ಟು ಬೇಡ."

ಅವನು ಮೂರನೇ ಮತ್ತು ನಾಲ್ಕನೇ ಬಾಕ್ಸಿನ ನಡುವಿನ ಬಾಣ ಬಿಡಿಸಿ, ಹೊಸದೊಂದು ಬಾಕ್ಸು ಎಳೆದು ತಂದು ಕೂರಿಸಿ, ಅದರ ಮೇಲೆ 'ಆಶಾ ಆಂಟಿ' ಎಂದು ಬರೆದ. ಆಮೇಲೆ ಎಲ್ಲರೂ ಕೂತು ತುಪ್ಪದ ಅನ್ನ ಉಂಡೆವು. ಜೊತೆಗೆ ಕಚ್ಚಲು ನೀರುಳ್ಳಿಗೆ ಬರವಿರಲಿಲ್ಲ.

ಶುಕ್ರವಾರ ಸಂಘದ ಹಾಲ್ ತುಂಬಿ, ಜನ ಗೋಡೆ ಬದಿ ನಿಂತಿದ್ದರು. ತಾಳಮದ್ದಲೆ ಎಂದರೇನೆಂದು ಗೊತ್ತಿಲ್ಲದ ಮೈಸೂರು ಕಡೆಯವರೂ ಬಂದಿದ್ದರು. ಸರೋಜಮ್ಮ ಮುಂದಿನ ಸಾಲಿನಲ್ಲಿ. ಗುರುಕಿರಣ್ ನೆಲದ ಮೇಲೆ. ಭಾಗವತರು ಹಾಡಿದರು, ನನ್ನ ಗಂಡ ಕೈಜೋಡಿಸಿ ಆಶ್ರಯ ಕೇಳಿದರು. ಪ್ರಸಂಗದ ಪ್ರಕಾರ ತಿಲಕ್ ಮೊದಲು ಒಪ್ಪಬಾರದು. "ಎಲೈ ಅತಿಥಿಯೇ, ಎನ್ನ ಸೀಮೆಯೊಳಗೆ ನಿನಗೆ ಸ್ಥಳವಿಲ್ಲ!" ಎಂದು ಅವನು ಗುಡುಗಿದ್ದೇ ತಡ, ಹಿಂದಿನಿಂದ ಆಲ್ರೊಯ್ ಕೂಗಿದ: "ಕೀ ಕೊಡಿ ಮಾರಾಯ್ರೆ!"

ಜನರೆಲ್ಲ ಬಿದ್ದು ಬಿದ್ದು ನಕ್ಕರು. ಮದ್ದಲೆಯವರು ಕೂಡ ನಕ್ಕು ತಾಳ ತಪ್ಪಿದರು. ತಿಲಕ್ ತಲೆ ತಗ್ಗಿಸಿಬಿಟ್ಟ. ನನ್ನ ಗಂಡ ನಗು ನಿಲ್ಲುವವರೆಗೆ ಕಾದರು. ಹತ್ತೊಂಬತ್ತು ವರ್ಷ ಕಾದವರಿಗೆ ಅದೇನು ದೊಡ್ಡದಲ್ಲ. ಆಮೇಲೆ ಮೆಲ್ಲಗೆ ಹೇಳಿದರು: "ಮಹಾರಾಜ, ನಿಮ್ಮ ಊರಿನ ಜನ ನನಗೆ ಹಾಸಿಗೆ ಕೊಟ್ಟರು. ಅನ್ನ ಕೊಟ್ಟರು. ನಾನು ಯಾರು ಎಂದು ಕೂಡ ಕೇಳಲಿಲ್ಲ. ಇಷ್ಟು ಒಳ್ಳೆಯ ಜನರ ರಾಜ ನೀವು. ನೀವೊಬ್ಬರೇ ಬಾಕಿ."

ಚಪ್ಪಾಳೆ ಬೀಳಲಿಲ್ಲ. ಗೋಡೆ ಬದಿ ನಿಂತವರು ಮುಂದಕ್ಕೆ ಬಾಗಿದರು. ಆಯಿಶಮ್ಮ ಸೆರಗು ಕಣ್ಣಿಗೆ ಒತ್ತಿಕೊಂಡರು. ಹೆಂಡತಿಯ ಮಾತು ಬಂದಾಗ ಇವರು ಒಮ್ಮೆ ತಿರುಗಿ ನೋಡಿದರು. ಪಾತ್ರ ತಿರುಗಿದ್ದಾ, ಗಂಡ ತಿರುಗಿದ್ದಾ ನನಗೆ ತಿಳಿಯಲಿಲ್ಲ. ನಾನು ಎರಡನೇ ಸಾಲಿನಲ್ಲಿ ಗಟ್ಟಿಯಾಗಿಯೇ ಅಳುತ್ತಿದ್ದೆ, ಅಪೇಕ್ಷಾ ನನ್ನ ಪಟ್ಟಿ ಕಟ್ಟಿದ ಕೈ ಹಿಡಿದುಕೊಂಡು, "ಅಪ್ಪ ಭಾರೀ ಒಳ್ಳೆದುಂಟು ಅಮ್ಮ," ಎಂದಳು. ಕನ್ನಡದಲ್ಲಿ.

ಶನಿವಾರ ಬೆಳಿಗ್ಗೆ ಇವರು ಇನ್ನೂ ಮಲಗಿದ್ದರು. ಬಾಲ್ಕನಿಯಲ್ಲಿ ಕೂತು ಕಾರ್ಯಕ್ರಮದ ವರದಿ ಬರೆಯೋಣವೆಂದರೆ ಕೈ ಕೇಳಲಿಲ್ಲ. ಯಂತ್ರವನ್ನು ಪರೀಕ್ಷಿಸಿದ್ದು ಬಿಟ್ಟರೆ, ಏಳು ವರ್ಷದಲ್ಲಿ ಮೊದಲ ಬಾರಿ ನಾನೂ ಎಲ್ಲರ ಹಾಗೆ ಕಟ್ಟೆಯ ನಂಬರಿಗೆ ವಾಯ್ಸ್ ಕಳಿಸಿದೆ. ಒಂಬತ್ತು ನಿಮಿಷ ಮಾತಾಡಿದೆ. ಭೋಜ ಎಂಬ ಅರ್ಥಧಾರಿಯೊಬ್ಬರ ಬಗ್ಗೆ. ಇಷ್ಟು ವರ್ಷ ಅವರು ನಮ್ಮ ನಡುವೆಯೇ ಇದ್ದರು, ನಾನು ನೋಡಿರಲಿಲ್ಲ, ದಿನಾ ಒಂದೇ ಮನೆಗೆ ಬಂದು ಹೋಗುತ್ತಿದ್ದರು, ನಿನ್ನೆ ಕಣ್ಣಿಗೆ ಬಿದ್ದರು ಎಂದೆಲ್ಲ ಹೇಳಿದೆ. ಹೇಳಿ ಮುಗಿಸುವಾಗ ಧ್ವನಿ ಸ್ವಲ್ಪ ಕೈಕೊಟ್ಟಿತು.

'ನಿಮ್ಮ ಸಂದೇಶ ತಲುಪಿದೆ. ಧನ್ಯವಾದಗಳು' ಎಂದಿತು ಯಂತ್ರ.

ಎರಡು ನಿಮಿಷದಲ್ಲಿ ಅದು ಬರಹವಾಗಿ, ಹೊಸ ನಿಯಮದಂತೆ ಒಪ್ಪಿಗೆಗಾಗಿ ನನ್ನ ಬಾಕ್ಸಿಗೇ ಬಂದು ಕೂತಿತು. ಒಂದಕ್ಷರ ತಪ್ಪಿರಲಿಲ್ಲ. ವಿಭಾಗ ಮಾತ್ರ 'ಕಾರ್ಯಕ್ರಮಗಳು' ಅಲ್ಲ. 'ಕಳೆದುಹೋದದ್ದು, ಸಿಕ್ಕಿದ್ದು' ಎಂದು ಹಾಕಿತ್ತು.

ಬದಲಾಯಿಸಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಒಳಗೆ ಇವರು ಎದ್ದು ಕೆಮ್ಮುವುದು ಕೇಳಿಸಿತು. ನಾನು 'ಸರಿ' ಎಂದು ಒತ್ತಿ, ಕಾಫಿ ಇಡಲು ಎದ್ದೆ.